ಎಡಕ್ಕೆ ತಿರುಗದ ಲಿಂಗಪ್ಪನ್

ಲಿಂಗಪ್ಪನ್ ಅವರನ್ನು ನಾನು ಮೊದಲ ಸಲ ನೋಡಿದ್ದು ಅವರ ಹೋಟೆಲಿನಲ್ಲಿ. ಅದು ಹೋಟೆಲ್ ಅಂತ ನಾನು ತಿಳಿದುಕೊಂಡಿದ್ದೆ, ಅಷ್ಟೆ.

2006ರ ಜೂನ್. ನಾನು ಕೊಯಮತ್ತೂರಿಗೆ ಬಂದು ಆರು ದಿನವಾಗಿತ್ತು. ಪಂಪ್ ಕಂಪನಿಯಲ್ಲಿ ಕೆಲಸ ಸಿಕ್ಕೇಬಿಟ್ಟಿತು ಎಂದು ಅರಸೀಕೆರೆಯಲ್ಲೆಲ್ಲ ಸಾರಿ ಬಂದವನು, ಇಂಟರ್‌ವ್ಯೂನಲ್ಲೇ ಬಿದ್ದುಹೋಗಿ, ವಾಪಸು ಹೋಗಲು ಮುಖವಿಲ್ಲದೆ ಗಾಂಧಿಪುರದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೂತಿದ್ದೆ. ಕನ್ನಡದ ಗಿರಾಕಿಗಳು ಫೋನ್ ಮಾಡಿದರೆ ಮಾತಾಡುವುದು ನನ್ನ ಕೆಲಸ. ದಿನಕ್ಕೆ ಒಂದು ಫೋನ್ ಬಂದರೆ ಹೆಚ್ಚು. ಅದೂ ರಾಂಗ್ ನಂಬರ್.

ಅವತ್ತು ಬೆಳಿಗ್ಗೆ ಆಫೀಸಿನ ಹಿಂದೆ ಬೇವಿನ ಮರದ ಕೆಳಗೆ ಒಂದು ವ್ಯಾನ್ ನಿಂತಿತ್ತು. ಕಿಟಕಿಗೆ ಹೂವಿನ ಪರದೆ. ತೆರೆದ ಹಿಂಬಾಗಿಲಿನೊಳಗೆ ಗ್ಯಾಸ್ ಒಲೆ, ಸಾಲಾಗಿ ತೂಗುಹಾಕಿದ ಸ್ಟೀಲ್ ಲೋಟಗಳು, ಲುಂಗಿ ಎತ್ತಿ ಕಟ್ಟಿ ಒಗ್ಗರಣೆ ಹಾಕುತ್ತಿದ್ದ ಐವತ್ತು ದಾಟಿದ ಒಬ್ಬರು. ಗಾಡಿ ಹೋಟೆಲ್ ಕಾಣದವನೇ ನಾನು? ಸಲೀಸಾಗಿ ಹತ್ತಿ, ಹಲಗೆಯ ಮೇಲೆ ಕೂತು, 'ದೋಸೆ, ಚಟ್ನಿ ಜಾಸ್ತಿ' ಎಂದು ಕೈಸನ್ನೆ ಮಾಡಿದೆ. ಆ ಮನುಷ್ಯ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ದೋಸೆ ಹಾಕಿಕೊಟ್ಟರು. ನಾಲ್ಕು ತಿಂದೆ. ಚಟ್ನಿಗೆ ಉಪ್ಪು ಸಾಲದು ಅಂತ ಹರುಕುಮುರುಕು ತಮಿಳಿನಲ್ಲಿ ಬುದ್ಧಿಯನ್ನೂ ಹೇಳಿದೆ. ಕೈ ತೊಳೆದು 'ಎಷ್ಟಾಯ್ತು?' ಎಂದಾಗ ಅವರು ಕನ್ನಡದಲ್ಲೇ ಕೇಳಿದರು:

"ಯಾವೂರು ತಂಬಿ?"

ಪರವೂರಿನಲ್ಲಿ ಕನ್ನಡ ಕೇಳಿ ಎದೆ ಉಬ್ಬಿತು. "ಅರಸೀಕೆರೆ. ಇಲ್ಲೇ ದೇವರಾಜನ್ ಟ್ರಾವೆಲ್ಸ್‌ನಲ್ಲಿ ಮ್ಯಾನೇಜರ್."

"ಶರಿ. ನಾನ್ ಅಲ್ಲೇ ಡ್ರೈವರು. ನೀ ಕೂತಿರದು ನನ್ ಮಂಚ."

ಆಮೇಲೆ ಅವರು ನನ್ನನ್ನು ಎಲ್ಲರೆದುರು 'ಮ್ಯಾನೇಜರ್ ತಂಬಿ' ಎಂದೇ ಕರೆಯತೊಡಗಿದರು. ನಾನು ಮಾತ್ರ ದಿನಾ ಆ ಮಂಚದ ಮೇಲೆ ಕೂತು ದೋಸೆ ತಿನ್ನುವುದನ್ನು ನಿಲ್ಲಿಸಲಿಲ್ಲ. ನಾಚಿಕೆಗಿಂತ ಹಸಿವು ದೊಡ್ಡದು.

ಲಿಂಗಪ್ಪನ್ ವೆಳ್ಳಕೋಯಿಲ್ ಕಡೆಯವರು. ಯಾವುದೋ ಕಾಲದಲ್ಲಿ ಮೈಸೂರು ಸೀಮೆಯಿಂದ ಇಳಿದು ಹೋದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಒಂದು ಅಕ್ಷರವೂ ಓದಲು ಬಾರದು. ನನಗೆ ತಮಿಳಿನ ಒಂದು ಅಕ್ಷರವೂ ಬಾರದು. ಹಾಗಾಗಿ ಒಬ್ಬರ ಮುಂದೆ ಒಬ್ಬರಿಗೆ ಸಂಕೋಚ ಇರಲಿಲ್ಲ.

ಆ ವ್ಯಾನ್ ಹದಿನೈದು ವರ್ಷದ ಹಿಂದೆ ಅವರೇ ಕರೂರಿನಲ್ಲಿ ಬಾಡಿ ಕಟ್ಟಿಸಿದ್ದು. ಎಂಟು ಜನ ಮಲಗುವ ಹಲಗೆಗಳು, ಮೇಲೆ ನೀರಿನ ಟ್ಯಾಂಕ್, ಹಿಂದೆ ಅಡುಗೆ ಕಟ್ಟೆ. ಕಾಶಿ, ರಾಮೇಶ್ವರ, ಪುರಿ ಅಂತ ಹದಿನೈದು ಇಪ್ಪತ್ತು ದಿನ ಹೊರಡುವ ಕುಟುಂಬಗಳಿಗೆ ಅದೇ ಮನೆ. ಓಡಿಸುವುದು ಲಿಂಗಪ್ಪನ್, ಅಡುಗೆ ಹೆಂಡತಿ ಪೆರಿಯನಾಯಕಿಯದು. ಮಕ್ಕಳಾಗಲಿಲ್ಲ. ವರ್ಷದಲ್ಲಿ ಎಂಟು ತಿಂಗಳು ರಸ್ತೆಯ ಮೇಲೇ ಇದ್ದುದರಿಂದ, 'ಬೀಗ ನೋಡಾಕೆ ಯಾಕೆ ಬಾಡಿಗೆ' ಎಂದು ಪೆರಿಯನಾಯಕಿ ಒಂದು ದಿನ ವೆಳ್ಳಕೋಯಿಲಿನ ಮನೆ ಖಾಲಿ ಮಾಡಿಸಿ ಪಾತ್ರೆಗಳನ್ನೆಲ್ಲ ವ್ಯಾನಿಗೆ ಏರಿಸಿದರಂತೆ. ಪರದೆಯ ಬಟ್ಟೆ ಅವರ ಸೀರೆಯದು. ಒಗ್ಗರಣೆ ಡಬ್ಬಿ ಉರುಳದ ಹಾಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದೂ ಅವರ ಕೈ.

ಲಿಂಗಪ್ಪನ್ ಅವರ ಹೆಸರು ಆ ಕಾಲದಲ್ಲಿ ನಡೆಯುತ್ತಿದ್ದುದು ಒಂದೇ ವಿದ್ಯೆಯ ಮೇಲೆ. ಅವರ ವ್ಯಾನ್ ಯಾವ ದೊಡ್ಡ ಊರಿನಲ್ಲೂ ಜಾಮ್‌ಗೆ ಸಿಕ್ಕುತ್ತಿರಲಿಲ್ಲ.

"ಊರು ಅಂದ್ರೆ ದೋಸೆ ಕಲ್ಲು ತಂಬಿ," ಎನ್ನುತ್ತಿದ್ದರು. "ಅಂಚಿಂದ ಎತ್ಬೇಕು. ನಡುವಕ್ಕೆ ಕೈ ಹಾಕಿದ್ಯಾ, ಸುಟ್ಟೋಯ್ತು."

ಶನಿವಾರ ಸಂಜೆ ತಿರುಪ್ಪೂರಿನ ಹತ್ತಿರ ಸುಳಿಯಬಾರದು, ಬನಿಯನ್ ಕಂಪನಿಗಳಲ್ಲಿ ಬಟವಾಡೆಯಾಗಿ ಊರಿಗೆ ಊರೇ ಬೀದಿಯಲ್ಲಿರುತ್ತದೆ. ಮಿಲ್ಲುಗಳ ಶಿಫ್ಟ್ ಬಿಡುವ ಗಳಿಗೆಗೆ ಕೊಯಮತ್ತೂರಿನ ಯಾವ ಮೂಲೆಯೂ ಬೇಡ. ಸಂತೆಯ ದಿನ ಯಾವ ಊರಿನಲ್ಲಿ ಯಾವುದು ಅನ್ನುವುದು ಬಾಯಿಪಾಠ ಇರಬೇಕು. ಗೊತ್ತಿಲ್ಲದ ಊರು ಬಂದರೆ ಆಟೋದವರನ್ನು ಕೇಳಬಾರದು, ಅವರಿಗೆ ಗೊತ್ತಿರುವುದೆಲ್ಲ ಊರಿನ ಒಳಗು. ಹಾಲಿನ ವ್ಯಾನಿನವರನ್ನು ಕೇಳಬೇಕು. ಯಾರೂ ಸಿಗದಿದ್ದರೆ ಭಾರ ಹೊತ್ತ ಲಾರಿಯ ಹಿಂದೆ ಹೋಗಬೇಕು. ಹಗಲು ಹೊತ್ತು ಲಾರಿಯನ್ನು ಊರೊಳಗೆ ಬಿಡುವುದಿಲ್ಲ, ಅದು ಎಲ್ಲಿ ತಿರುಗುತ್ತದೋ ಅಲ್ಲಿ ಸುತ್ತುದಾರಿ. ಕಾಶಿಯವರೆಗೂ ಹೀಗೇ ಅಂಚು ಹಿಡಿದು ಹೋಗಿ ಬಂದವರು. 'ನಾಗಪುರ ನೋಡಿದ್ದೀರಾ?' ಎಂದರೆ 'ಬಲಗಡೆ ದೂರದಲ್ಲಿ ನೋಡಿವ್ನಿ' ಎನ್ನುತ್ತಿದ್ದರು.

ಇದೆಲ್ಲ ಮೂರು ವರ್ಷದ ಹಿಂದಿನ ಮಾತು. ನಾನು ಸೇರಿದಾಗ ಅವರ ಖ್ಯಾತಿ ತಲೆಕೆಳಗಾಗಿತ್ತು. ಸಿಕ್ಕ ಸಿಕ್ಕ ಊರಿನ ನಟ್ಟನಡುವಿಗೆ ವ್ಯಾನ್ ನುಗ್ಗಿಸುತ್ತಿದ್ದರು. ಮದುರೈಯಲ್ಲಿ ಮೂರು ಗಂಟೆ ನಿಂತಿದ್ದರು. ಸೇಲಂನಲ್ಲಿ ಪಾರ್ಟಿಯವರು ಇಳಿದು ನಡೆದೇ ಹೋಗಿದ್ದರು. ಬೈಪಾಸ್ ಬಂದರೆ ಎದುರಿಗೆ ನಾಗರಹಾವು ಬಂದ ಹಾಗೆ ಪಕ್ಕಕ್ಕೆ ಸರಿಯುತ್ತಿದ್ದರು.

ಕಾರಣವನ್ನು ನನಗೆ ಹೇಳಿದ್ದು ಮಾಲೀಕ ದೇವರಾಜನ್. 2003ರಲ್ಲಿ ಒಂದು ಪಾರ್ಟಿಯನ್ನು ಪಾಲಕ್ಕಾಡಿಗೆ ಬಿಡಲು ಪಲ್ಲಡಂ ಕಡೆಯಿಂದ ಬರುತ್ತಿದ್ದರು. ಕೊಯಮತ್ತೂರು ಇನ್ನೇನು ಬಂತು ಅನ್ನುವಾಗ ಚಿಂತಾಮಣಿಪುದೂರ್ ಜಂಕ್ಷನ್. ನೇರ ಹೋದರೆ ಊರು, ಆಸ್ಪತ್ರೆಗಳ ಸಾಲು. ಎಡಕ್ಕೆ ತಿರುಗಿದರೆ ಊರು ಬಳಸಿ ಮದುಕ್ಕರೈ ಸೇರುವ ಬೈಪಾಸ್, ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಹಿಂದೆ ಅಡುಗೆ ಕಟ್ಟೆಯ ಹತ್ತಿರ ಪೆರಿಯನಾಯಕಿಗೆ ಎದೆನೋವು ಶುರುವಾಗಿತ್ತು. ಸಂಜೆ ಆರು ಗಂಟೆ, ಊರೊಳಗೆ ಜಾಮ್ ಇರುವ ಹೊತ್ತು. ಲಿಂಗಪ್ಪನ್ ಎಡಕ್ಕೆ ತಿರುಗಿಸಿದರು. ಬಲಗಡೆ ದೂರದಲ್ಲಿ ಊರಿನ ದೀಪ ಹತ್ತುತ್ತಿತ್ತಂತೆ. ಮದುಕ್ಕರೈ ಬಂದಾಗ ಹಿಂದೆ ಉಸಿರಿರಲಿಲ್ಲ.

ಆಮೇಲೆ ವ್ಯಾನನ್ನು ದೇವರಾಜನ್‌ಗೇ ಮಾರಿದರು. ಒಂದೇ ಷರತ್ತು: ಓಡಿಸುವುದು ನಾನೇ, ಮಲಗುವುದೂ ಅದರಲ್ಲೇ.

"ಮೂರು ವರ್ಷ ಸಹಿಸಿದೆ," ಎಂದರು ದೇವರಾಜನ್ ಒಂದು ದಿನ, ಅವರು ಮಾತಾಡುವುದು ತಮಿಳು. ಲಿಂಗಪ್ಪನ್ ಎದುರಿಗೇ ನಿಂತಿದ್ದರು. "ಈ ಟ್ರಿಪ್ ಕಡೇದು. ಪುರಂದರ ಸಾರ್ ಪಾರ್ಟಿ. ಶ್ರೀರಂಗ ನೋಡಿಕೊಂಡು ಹಿಂದಿರುಗಿ, ಬೈಪಾಸ್‌ನಲ್ಲೇ ಮದುಕ್ಕರೈ, ಅಲ್ಲಿಂದ ಗುರುವಾಯೂರು. ವ್ಯಾನ್ ಊರೊಳಗೆ ಹೋಯಿತೋ, ಕೀ ನನ್ನ ಟೇಬಲ್ ಮೇಲೆ. ಒಲೆಗಿಲೆ ಕಿತ್ತು ಪುಷ್‌ಬ್ಯಾಕ್ ಸೀಟ್ ಹಾಕಿಸ್ತೀನಿ. ಇವನು ಜೊತೆಗೆ ಬರ್ತಾನೆ, ದಾರಿ ನೋಡಿಕೊಳ್ಳೋಕೆ."

ಇವನು ಅಂದರೆ ನಾನು. ಬೋರ್ಡ್ ಓದಲು ಬಾರದವನು.

"ಶರಿ ಮೊದಲಾಳಿ," ಎಂದರು ಲಿಂಗಪ್ಪನ್. ಹೊರಗೆ ಬಂದು ವ್ಯಾನಿನ ಪರದೆಗಳನ್ನು ಬಿಚ್ಚಿ ಒಗೆಯಲು ಕೂತರು.

ಪುರಂದರ ಸಾರ್ ಕೊಯಮತ್ತೂರಿನ ರಾಮನಾಥಪುರದವರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಮನೆಮಾತು ಕನ್ನಡ, ತಾತನ ಕಾಲದಿಂದ ಅಲ್ಲೇ. ಜೊತೆಗೆ ಹೆಂಡತಿ ಹರಿಪ್ರಿಯಾ, ಎಪ್ಪತ್ತೆರಡು ವರ್ಷದ ತಾಯಿ ಕಮಲಾಕ್ಷಮ್ಮ. ಯಾತ್ರೆಗೆ ಸಂಕಲ್ಪ ಮಾಡಿ ಹೊರಟ ಮೇಲೆ ಮುಗಿಯುವವರೆಗೆ ಸ್ವಂತ ಊರಿಗೆ ಕಾಲಿಡಬಾರದು, ಈರುಳ್ಳಿ ಬೆಳ್ಳುಳ್ಳಿ ಮುಟ್ಟಬಾರದು, ಹೊರಗಿನ ತಿಂಡಿ ಕೂಡದು. ಇದು ಅವರ ಮನೆಯ ಕಟ್ಟುನಿಟ್ಟು.

"ಬೈಪಾಸ್ ತಾನೇ?" ಎಂದು ಪುರಂದರ ಸಾರ್ ನನ್ನನ್ನು ಎರಡು ಸಲ ಕೇಳಿದರು. "ಊರೊಳಗೆ ಹೋದ್ರೆ ಸಂಕಲ್ಪ ವೇಸ್ಟು ಪಾ. ಮೊದಲಿಂದ ಪೋಗಬೇಕು."

"ಬೈಪಾಸೇ ಸಾರ್. ನಾನಿದ್ದೀನಲ್ಲ," ಎಂದೆ. ನಾನಿರುವುದೇ ಅಪಾಯ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಹೋಗುವಾಗ ಎಲ್ಲ ಸರಿಯಿತ್ತು. ಹಿಂದಿರುಗುವಾಗಲೂ, ಮೊದಮೊದಲು. ಶ್ರೀರಂಗದ ದರ್ಶನ ಮುಗಿಸಿ ಹನ್ನೊಂದಕ್ಕೆ ಹೊರಟೆವು. ಕರೂರು ಬಂತು. ಲಿಂಗಪ್ಪನ್ ಒಂದು ಸಿಮೆಂಟ್ ಲಾರಿಯ ಹಿಂದೆ ಬಿದ್ದು ಊರಿನ ಅಂಚನ್ನು ನಯವಾಗಿ ಸವರಿಕೊಂಡು ಆಚೆ ಬಂದರು. ನಾನು ಅವರ ಮುಖ ನೋಡಿದೆ. ಬೆವರು ಒರೆಸಿಕೊಂಡು ಗೇರ್ ಬದಲಿಸಿದರು. ವೆಳ್ಳಕೋಯಿಲ್‌ನಲ್ಲಿ ನಿಲ್ಲಿಸಿ ಕಾಫಿ ಕಾಸಿದರು.

"ಇಲ್ಲೇ ತಂಬಿ ನಮ್ಮ ಮನೆ ಇದ್ದದ್ದು," ಎಂದು ಒಂದು ಓಣಿಯ ಕಡೆ ಗದ್ದ ಎತ್ತಿದರು. "ಈಗ ಇದೇ ಮನೆ," ಎಂದು ವ್ಯಾನಿನ ಮೈಯನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟಿದರು. "ಇವತ್ತು ತಿರುಗಿಸ್ತೀನಿ. ನೋಡ್ತಾ ಇರು."

ತಿರುಗಿಸುತ್ತಿದ್ದರು ಎಂದು ಇವತ್ತಿಗೂ ನಂಬುತ್ತೇನೆ.

ಕಾಂಗೇಯಂನಲ್ಲಿ ಟೈರಿನ ಗಾಳಿ ನೋಡಲು ಹತ್ತು ನಿಮಿಷ ನಿಂತೆವು. ಪುರಂದರ ಸಾರ್ ದಂಪತಿ ಕಾಲು ಸಡಿಲಿಸಲು ಇಳಿದರು. ಕಮಲಾಕ್ಷಮ್ಮ ಕಿಟಕಿಯಿಂದ ನನ್ನನ್ನು ಕರೆದರು.

"ಏ ಮಂಜು, ಅಲ್ಲಿ ಅವನು ಬಾಣಲೆಯಲ್ಲಿ ಏನೋ ಪೊರಿಯುತ್ತಾ ಇದಾನಲ್ಲ?"

"ಬೋಂಡಾ ಅಮ್ಮ. ಈರುಳ್ಳಿ ಹಾಕಿದ್ದು."

"ಈರುಳ್ಳಿ ಹಾಕಿದಾನಾ ಅಂತ ನಾ ಕೇಳಿದ್ನಾ? ಸೂಡಾಗಿದೆಯಾ, ಬಿಸಿಬಿಸಿ ಇದೆಯಾ ಅಂತ ಕೇಳಿದೆ."

"ಯಾತ್ರೆ ಅಲ್ವಾ ಅಮ್ಮ..."

"ರಂಗನಾಥ ನೋಡಿಯಾಯ್ತು. ಗುರುವಾಯೂರಪ್ಪ ಇನ್ನೂ ದೂರ ಇದಾನೆ. ನಡುವೆ ಯಾರು ನೋಡ್ತಾರೆ? ಪುರಂದರನ ಹತ್ರ ಸೊಲ್ಲಬಾರದು. ನಿಮ್ಮಮ್ಮನ ಆಣೆ ಹಾಕು."

ಅಮ್ಮನ ಆಣೆ ಹಾಕಿದೆ. ಬೋಂಡಾ ತಂದೆ. ಅವರಿಗೆ ಮೂರು, ನನಗೆ ನಾಲ್ಕು. ಮುದುಕಿ ಸೆರಗಿನ ಮರೆಯಲ್ಲಿ ತಿಂದು, ಕಾಗದವನ್ನು ಉಂಡೆ ಮಾಡಿ ನನ್ನ ಜೇಬಿಗೇ ತುರುಕಿದರು. ಇಬ್ಬರೂ ಕಳ್ಳರ ಹಾಗೆ ನಕ್ಕೆವು. ಅವರು ನನ್ನ ಅಜ್ಜಿಯನ್ನು ನೆನಪಿಸಿದರು ಅಂತೆಲ್ಲ ಬರೆಯುವ ಯೋಗ್ಯತೆ ನನಗಿಲ್ಲ. ನನಗೆ ಬೋಂಡಾ ತಿನ್ನಬೇಕಿತ್ತು, ಜೊತೆ ಸಿಕ್ಕಿತು.

ಪಲ್ಲಡಂ ದಾಟಿ, ಸೂಲೂರು ದಾಟಿ, ಐದೂ ಮುಕ್ಕಾಲಿಗೆ ಚಿಂತಾಮಣಿಪುದೂರ್ ಕಂಡಿತು. ಸಿಗ್ನಲ್‌ನಲ್ಲಿ ನಿಂತೆವು. ಲಿಂಗಪ್ಪನ್ ಎಡಗಡೆಯ ಇಂಡಿಕೇಟರ್ ಹಾಕಿದರು. ಟಿಕ್, ಟಿಕ್, ಟಿಕ್. ಒಂದು ತಿರುವು, ಒಂದೇ ಒಂದು. ಆಮೇಲೆ ವ್ಯಾನ್ ಅವರದೇ, ಒಲೆ ಅವರದೇ, ಪರದೆ ಅವರದೇ.

ಹಿಂದಿನಿಂದ ಕಮಲಾಕ್ಷಮ್ಮನ ದನಿ ಬಂತು. "ಅಯ್ಯೋ ರಾಮಾ. ಎದೆ ಒಂದು ಥರಾ ಅಡಚ್ತಾ ಇದೆ ಪುರಂದರ."

ಲಿಂಗಪ್ಪನ್ ಕನ್ನಡಿಯಲ್ಲಿ ನೋಡಿದರು. ಮುದುಕಿ ಎರಡೂ ಕೈಯಲ್ಲಿ ಎದೆ ಒತ್ತಿಕೊಂಡಿದ್ದರು. ನನಗೂ ಎದೆ ಉರಿಯುತ್ತಿತ್ತು. ಆ ಎಣ್ಣೆ ಯಾವ ಕಾಲದ್ದೋ, ಪಲ್ಲಡಂನಿಂದಲೂ ತೇಗು.

ಹಸಿರು ದೀಪ ಬಿತ್ತು. "ಎಡಕ್ಕೆ ಲಿಂಗಪ್ಪಣ್ಣಾ," ಎಂದೆ.

ವ್ಯಾನ್ ನೇರ ಹೋಯಿತು.

"ಲಿಂಗಪ್ಪಣ್ಣಾ! ಬೈಪಾಸ್ ಹೋಯ್ತು!"

ಅವರಿಗೆ ಕೇಳಿಸುತ್ತಿರಲಿಲ್ಲ. ಹಾರನ್ ಒತ್ತಿ ಹಿಡಿದು ಒಂಡಿಪುದೂರು ದಾಟಿದರು. ಸಿಂಗಾನಲ್ಲೂರಿನಲ್ಲಿ ಸಿಕ್ಕಿಬಿದ್ದೆವು. ಮುಂದೆ ಬಸ್, ಹಿಂದೆ ಬಸ್, ಎಡಕ್ಕೆ ಶಿಫ್ಟ್ ಬಿಟ್ಟ ಸೈಕಲ್ಲುಗಳ ಹೊಳೆ, ಬಲಕ್ಕೆ ಕಬ್ಬಿಣದ ಸರಳು ಹೊತ್ತ ಟೆಂಪೊ. ಎಡಗಡೆಯ ಇಂಡಿಕೇಟರ್ ಇನ್ನೂ ಬಡಿದುಕೊಳ್ಳುತ್ತಲೇ ಇತ್ತು. ಯಾರೂ ಆರಿಸಲಿಲ್ಲ.

"ಏನ್ ಪಾ ಇದು! ಎಲ್ಲಿ ಹೋಗ್ತಾ ಇದೀಯ?" ಪುರಂದರ ಸಾರ್ ಕೂಗಾಡಿದರು.

"ಆಸ್ಪತ್ರೆಗೆ. ಅಮ್ಮ ಎದೆ ಹಿಡ್ಕಂಡ್ರು."

"ನನಗೇನೂ ಆಗಿಲ್ಲ!" ಎಂದು ಕಿರುಚಿದರು ಕಮಲಾಕ್ಷಮ್ಮ, ಮತ್ತು ತೇಗಿದರು. "ಏನೋ ಸ್ವಲ್ಪ... ವಾಯು."

"ಬೆಳಿಗ್ಗೆಯಿಂದ ಮೊಸರನ್ನ ಬಿಟ್ಟು ಏನೂ ತಿಂದಿಲ್ಲವಲ್ಲ ಅತ್ತೆ, ವಾಯು ಹೇಗೆ ಬರುತ್ತೆ?" ಎಂದರು ಹರಿಪ್ರಿಯಾ ಗಾಬರಿಯಿಂದ.

ಮುದುಕಿ ನನ್ನನ್ನು ನೋಡಿದರು. ನಾನು ನನ್ನ ಜೇಬನ್ನು ಮುಟ್ಟಿ ನೋಡಿಕೊಂಡೆ. ಕಾಗದದ ಉಂಡೆ ಅಲ್ಲೇ ಇತ್ತು. ಅದನ್ನು ತೆಗೆದು ತೋರಿಸಿ 'ಬೋಂಡಾ ಸಾರ್, ನಾನೇ ತಂದುಕೊಟ್ಟೆ' ಎಂದಿದ್ದರೆ ಸಾಕಿತ್ತು. ಸಿಂಗಾನಲ್ಲೂರಿನಿಂದ ಹಿಂದಕ್ಕೆ ತಿರುಗಿಸಿ ಬೈಪಾಸ್ ಹಿಡಿಯಲು ಆಗಲೂ ಹೊತ್ತಿತ್ತು. ಊರೊಳಗೆ ಹೋದೆವೆಂದು ಹೇಳುವಷ್ಟು ಒಳಗೆ ಇನ್ನೂ ಹೋಗಿರಲಿಲ್ಲ. ಆಣೆ ಹಾಕಿದ್ದೆ ಅಂತ ಸುಮ್ಮನಿದ್ದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದು ಸುಳ್ಳು. ಈರುಳ್ಳಿ ಬೋಂಡಾ ತಿನ್ನಿಸಿ ಯಾತ್ರೆ ಕೆಡಿಸಿದವನು ಎಂದು ಗೊತ್ತಾದರೆ ನನ್ನ ಕೆಲಸ ಹೋಗುತ್ತಿತ್ತು. ಅದಕ್ಕೆ ಸುಮ್ಮನಿದ್ದೆ.

ರಾಮನಾಥಪುರದಲ್ಲಿ ಜಾಮ್ ಸರಿಯಾಗಿ ಅವರ ಬೀದಿಯ ಬಾಯಿಗೇ ತಂದು ನಿಲ್ಲಿಸಿತು. ಅವರ ಮನೆಯ ಗೇಟು, ಗೇಟಿನ ಬೀಗ, ಬೀಗಕ್ಕೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲ, ಎಲ್ಲ ಕಾಣುತ್ತಿತ್ತು. ಪಕ್ಕದ ಮನೆಯ ಮಲ್ಲಿಗಾ ಎನ್ನುವವರು ತರಕಾರಿ ಚೀಲ ಹಿಡಿದು ಹತ್ತಿರ ಬಂದರು. "ಎನ್ನ ಮಾಮಿ, ಅದುಕ್ಕುಳ್ಳ ಗುರುವಾಯೂರ್ ಮುಡಿಂಜುದಾ?" ಅಷ್ಟು ಬೇಗ ಗುರುವಾಯೂರು ಮುಗಿಯಿತೇ ಅಂತ. ಪುರಂದರ ಸಾರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆಸ್ಪತ್ರೆ ಸೇರಿದಾಗ ಏಳೂ ಇಪ್ಪತ್ತು. ಲಿಂಗಪ್ಪನ್ ತಾವೇ ಓಡಿಹೋಗಿ ಗಾಲಿಕುರ್ಚಿ ತಂದರು. ಡಾಕ್ಟರಮ್ಮ ನೋಡಿ, ಗ್ಯಾಸ್ ಅಷ್ಟೇ ಎಂದು ಒಂದು ಮಾತ್ರೆ ಕೊಟ್ಟರು. ಲಿಂಗಪ್ಪನ್ ಬಾಗಿಲ ಹೊರಗೆ ನಿಂತು ಅದನ್ನು ಕೇಳಿಸಿಕೊಂಡರು. ಕೈಮುಗಿದರು. ಆಮೇಲೆ ಹೋಗಿ ಇಂಡಿಕೇಟರ್ ಆರಿಸಿದರು.

ಪುರಂದರ ಸಾರ್ ಆಟೋ ಹಿಡಿದು ಮನೆಗೆ ಹೋದರು. ಹೋಗುವ ಮೊದಲು ದೇವರಾಜನ್‌ಗೆ ಫೋನ್ ಮಾಡಿದ್ದರು. ಹತ್ತು ನಿಮಿಷಕ್ಕೆ ನನ್ನ ಫೋನ್ ಬಡಿದುಕೊಂಡಿತು.

"ಮುದುಕಿಗೆ ನಿಜವಾಗಿ ಏನಾದ್ರೂ ಆಗಿತ್ತೇನಯ್ಯಾ? ಏನಾದ್ರೂ ಕಾರಣ ಇದ್ರೆ ಹೇಳು. ನನಗೂ ಆ ಮನುಷ್ಯನಿಗೆ ಹೀಗೆ ಮಾಡೋದು ಇಷ್ಟ ಇಲ್ಲ."

ದೇವರಾಜನ್ ಬಾಗಿಲು ತೆರೆದೇ ಇಟ್ಟಿದ್ದರು. ನಾನು ಹೇಳಿದ್ದು ಎರಡು ಮಾತು. ನನಗೆ ಚೆನ್ನಾಗಿ ಬರುತ್ತಿದ್ದ ತಮಿಳು ಅಷ್ಟೇ: "ತೆರಿಯಲ ಸಾರ್." ಗೊತ್ತಿಲ್ಲ ಸಾರ್.

ಮರುದಿನ ಬೆಳಿಗ್ಗೆ ಕೀ ಟೇಬಲ್ ಮೇಲಿತ್ತು. ಲಿಂಗಪ್ಪನ್ ವ್ಯಾನಿನಿಂದ ತೆಗೆದುಕೊಂಡು ಹೋದದ್ದು ಎರಡು ಲುಂಗಿ, ಪರದೆಗಳು, ಸೈಕಲ್ ಟ್ಯೂಬ್ ಸಮೇತ ಆ ಒಗ್ಗರಣೆ ಡಬ್ಬಿ. ಹೋಗುವಾಗ ಬೇವಿನ ಮರದ ಕೆಳಗೆ ನನಗೆ ದೋಸೆ ಹಾಕಿಟ್ಟಿದ್ದರು. ನಾಲ್ಕು. ತಟ್ಟೆಯ ಮೇಲೆ ತಟ್ಟೆ ಮುಚ್ಚಿ. ತಿಂದೆ. ತಿಂದೆ ಅನ್ನುವುದನ್ನೂ ಬರೆಯಬೇಕು.

ತಿಂಗಳೊಳಗೆ ಒಲೆ ಕಿತ್ತು ಪುಷ್‌ಬ್ಯಾಕ್ ಸೀಟುಗಳು ಬಂದವು. ನನಗೆ ಇನ್ನೂರು ರೂಪಾಯಿ ಸಂಬಳ ಏರಿತು. ಯಾಕೆಂದು ಕೇಳಲಿಲ್ಲ.

ಅವರಿದ್ದಲ್ಲಿಗೆ ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು. ಹುಡುಕಲು ಅಲ್ಲ, ಧೈರ್ಯ ಮಾಡಲು. ಮದುಕ್ಕರೈಯಲ್ಲಿ ಬೈಪಾಸ್ ಮುಗಿಯುವ ಕಡೆ ಲಾರಿಗಳು ತಂಗುವ ಒಂದು ಬಯಲಿದೆ. ಬಂದ ಲಾರಿಗೆ ಜಾಗ ತೋರಿಸಿ ಹಿಂದಕ್ಕೆ ತೆಗೆಸಿ ನಿಲ್ಲಿಸುವುದು ಅವರ ಕೆಲಸ. ಸಿಮೆಂಟಿನ ಧೂಳು ಕೂತು ಹುಬ್ಬು ಬೆಳ್ಳಗಾಗಿತ್ತು. ತಗಡಿನ ಶೆಡ್ಡಿನ ಕಿಟಕಿಗೆ ಹೂವಿನ ಪರದೆ.

"ಬಾ ಮ್ಯಾನೇಜರ್ ತಂಬಿ," ಎಂದರು. "ಉಂಡ್ಯಾ?"

ಮಧ್ಯಾಹ್ನದ ಹೊತ್ತು. ಅನ್ನ, ಹುರುಳಿ ಸಾರು ಬಡಿಸಿದರು. ಮೊದಲ ತುತ್ತು ಕಲಸಿ ಹಾಗೇ ಬಿಟ್ಟೆ. ಬೋಂಡಾದ ವಿಷಯ ಪೂರ್ತಿ ಹೇಳಿಬಿಟ್ಟೆ. ಮೂರು ಕಮಲಾಕ್ಷಮ್ಮನಿಗೆ, ನಾಲ್ಕು ನನಗೆ, ಜೇಬಿನ ಕಾಗದ, ದೇವರಾಜನ್ ಫೋನ್, ನನ್ನ ಎರಡು ಮಾತು.

ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

"ಗೊತ್ತಿತ್ತು ತಂಬಿ. ಕಾಂಗೇಯಂ ಬಿಟ್ಟಾಗಿಂದ ವ್ಯಾನೆಲ್ಲಾ ಈರುಳ್ಳಿ ವಾಸನೆ. ನಿಂದೂ ತೇಗು, ಅಮ್ಮಂದೂ ತೇಗು."

ಹೊರಗೆ ಒಂದು ಲಾರಿ ಹಾರನ್ ಮಾಡಿತು. ಅವರು ಏಳಲಿಲ್ಲ. ಕೇಳಬಾರದು ಎಂದು ಗೊತ್ತಿದ್ದೂ ಕೇಳಿದೆ.

"ಬರೀ ಗ್ಯಾಸ್ ಅಂತ ಗೊತ್ತಿದ್ದೂ, ವ್ಯಾನ್ ಹೋಗುತ್ತೆ ಅಂತ ಗೊತ್ತಿದ್ದೂ, ಯಾಕೆ ಲಿಂಗಪ್ಪಣ್ಣಾ ಒಳಗೆ ಹೋದಿರಿ?"

"ಆವತ್ತು ಪೆರಿಯನಾಯಕೀನೂ ಎದೆ ಹಿಡ್ಕಂಡು ಒಳ್ಗ ಹೋಗಾಣ ಅಂದ್ಲು," ಎಂದರು. "ಬರೀ ಗ್ಯಾಸು, ಸೋಡಾ ಕುಡಿ ಅಂದೆ ನಾನು."